ಮಂಕರಿಯ ಕೆಳಗಿನ ಕಪ್ಪೆ

ಯುದ್ಧಕಾಲದಲ್ಲಿ ವಿದೇಶದಿಂದ ಸೀಮೆ ಔಷಧಿ ಬರುವುದು ನಿಂತಾಗ, ಕೋಲಾರದ ಒಂದು ಕೋಣೆಯಲ್ಲಿ ನಾವು ನಾಟಿ ಬೇರು-ಸೊಪ್ಪುಗಳ ಸತ್ವ ತೆಗೆದು ಪರೀಕ್ಷಿಸುತ್ತಿದ್ದೆವು. ಅದರಲ್ಲೇನಿದೆ, ಜೀವಕ್ಕೆ ಏನು ಮಾಡುತ್ತದೆ ಎಂದು ನೋಡುವುದು ಕೆಲಸ. ಹೆದರಲು ಹೊಸ ಕಾರಣಗಳಿಗೆ ಅಲ್ಲಿ ಎಂದೂ ಬರವಿರಲಿಲ್ಲ.

ಬರೀ ನೀರು

ಹೋಳೂರಿನ ರೈತರೊಬ್ಬರು ಬಿಸಿಲಲ್ಲಿ ಸೊಪ್ಪಿನ ಮೂಟೆ ಹೊತ್ತು ತಂದರು. ಲೋಟದಲ್ಲಿ ನೀರು ಕೊಟ್ಟೆ. ಅವರು ಲೋಟ ನೋಡಿದರು, ಕಪಾಟಿನ ಶೀಶೆಗಳನ್ನು ನೋಡಿದರು.

"ಬ್ಯಾಡ ಸಾಮಿ, ಬಾಯಾರಿಕೆ ಇಲ್ಲ."

"ಬರೀ ನೀರು ಕಣ್ರೀ."

"ಹಂಗಾದ್ರೆ ನೀವೇ ಕುಡೀರಿ."

ಕುಡಿದೆ. ನನ್ನ ಮುಖವನ್ನೇ ನೋಡುತ್ತ ಕೂತಿದ್ದು ಎದ್ದರು.

"ಸಂಜೇವರ್ಗೂ ಚೆನ್ನಾಗಿದ್ರೆ ನಾಳೆ ಬಂದು ಕುಡೀತೀನಿ."

ಖಾಲಿ ಶೀಶೆ

ನಮ್ಮಲ್ಲಿ ಗಾಜಿನ ಶೀಶೆಗಳು ತೀರಿದವು. ಮುಳಬಾಗಿಲಿನ ಅತ್ತರಿನ ವ್ಯಾಪಾರಿಯನ್ನು ಕೈಗಡ ಕೇಳಿದೆ.

"ಏನ್ ಹಾಕ್ತೀರಿ ಅದ್ರಲ್ಲಿ?"

"ವಿಷ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನ ತಿಳಿಯೋದಕ್ಕೇ ಪರೀಕ್ಷೆ."

"ತೋಬಾ! ನೀವು ವಾಪಸ್ ಕೊಡ್ತೀರಿ, ನಮ್ ಬೇಗಂ ಅದ್ರಲ್ಲೇ ನನ್ಗೆ ಶರಬತ್ ತುಂಬಿಡ್ತಾಳೆ. ಆಮೇಲೆ ಪರೀಕ್ಷೆ ನಂದೇ ಆಗ್ತದೆ ಸಾಬ್!"

ಎರಡು ಚೊಂಬು

ಶೀಶೆ ಸಿಗದೆ, ಕುರುಡುಮಲೆ ಕಡೆಯ ಒಂದು ಬೇರಿನ ಸತ್ವವನ್ನು ಹಿತ್ತಾಳೆ ಚೊಂಬಿನಲ್ಲಿಟ್ಟೆವು. ನಮ್ಮ ಮೇಲಧಿಕಾರಿ ಡಾಕ್ಟರಿಗೆ ನೆಗಡಿ. ಮನೆಯಿಂದ ಮೆಣಸಿನ ಕಷಾಯ ಅಂಥದೇ ಚೊಂಬಿನಲ್ಲಿ ಬಂದಿತ್ತು. ಅವರು ಗಟಗಟ ಕುಡಿದು ಬಾಯೊರೆಸಿಕೊಂಡ ಮೇಲೆ ನೋಡಿದರೆ, ಕಷಾಯ ಹಾಗೇ ಇದೆ.

ಉಪ್ಪುನೀರು ಕುಡಿದು ಕಕ್ಕಲು ನೋಡಿದರು. ಹೆದರಿಕೆಗೆ ಅದೂ ಬರಲಿಲ್ಲ.

ಆ ಬೆಳಿಗ್ಗೆಯೇ ನಾವು ಒಂದು ಕಪ್ಪೆಗೆ ಅದೇ ಸತ್ವ ಚುಚ್ಚಿದ್ದೆವು. ಹೋಲಿಸಿ ನೋಡಲು ಇನ್ನೊಂದಕ್ಕೆ ಬರೀ ಉಪ್ಪುನೀರು. ಎರಡರ ಮೇಲೂ ಒಂದೊಂದು ಬಿದಿರಿನ ಮಂಕರಿ ಕವುಚಿಟ್ಟಿದ್ದೆವು.

"ಎತ್ತೋ!" ಎಂದರು ಡಾಕ್ಟರು. ನಮ್ಮ ಜವಾನ ಅವಸರದಲ್ಲಿ ಕೈಗೆ ಸಿಕ್ಕ ಮಂಕರಿ ಎತ್ತಿದ. ಕಪ್ಪೆ ಅಲ್ಲಾಡಲಿಲ್ಲ. ಡಾಕ್ಟರು ಬೆಂಚಿನ ಮೇಲೆ ಮಲಗಿಬಿಟ್ಟರು.

"ಉಸಿರಾಡ್ತಿದೆಯಾ?"

"ಆಡ್ತಿದೆ ಸ್ವಾಮಿ."

"ನಾನು?"

"ತಾವೂ ಆಡ್ತಿದ್ದೀರಿ."

ಅಷ್ಟರಲ್ಲಿ ಕಪ್ಪೆ ಕಿಟಕಿ ಹಾರಿ ಹೋಯಿತು. ಡಾಕ್ಟರು ಎದ್ದು, ಅದು ಹೋದ ದಿಕ್ಕಿಗೆ ಕೈಮುಗಿದು, ಮನೆಗೆ ಊಟಕ್ಕೆ ಹೊರಟರು.

ಅವರು ಬೀದಿ ತಿರುಗಿದ ಮೇಲೆ ಜವಾನ ಪಿಸುಗುಟ್ಟಿದ: "ಸ್ವಾಮಿ, ಹಾರಿದ್ದು ಉಪ್ಪುನೀರಿನ ಕಪ್ಪೆ."

ಇಬ್ಬರೂ ಇನ್ನೊಂದು ಮಂಕರಿಯ ಕಡೆ ನೋಡಿದೆವು. ಒಳಗೆ ಸದ್ದಿಲ್ಲ.

"ಎತ್ತೋಣವೇನೋ?"

"ಸತ್ತಿದ್ರೆ ಡಾಕ್ಟರಿಗೆ ಹೋಗಿ ಹೇಳೋರ್ಯಾರು ಸ್ವಾಮಿ?"

ಎತ್ತಲಿಲ್ಲ. ಆ ರಾತ್ರಿ ನಾನು ನಿದ್ದೆ ಮಾಡಲೂ ಇಲ್ಲ.

ಮರುದಿನ ಡಾಕ್ಟರು ಸೀನುತ್ತ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದರು. ಜವಾನ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಧೈರ್ಯವಾಗಿ ಹೋಗಿ ಮಂಕರಿಗೆ ಕೈಹಾಕಿದ.

"ಡಾಕ್ಟರೇ ಚೆನ್ನಾಗಿದಾರೆ ಸ್ವಾಮಿ. ಇನ್ನು ಕಪ್ಪೆಗೇನಾಗಿರುತ್ತೆ?"