ಟ್ರಂಕಿನಲ್ಲಿದ್ದ ರಷ್ಯನ್ ಕಾಗದ

ನಿವೃತ್ತನಾದ ಮನುಷ್ಯ ಏನು ಮಾಡಿದರೂ ಜನ ಸಹಿಸಿಕೊಳ್ಳುತ್ತಾರೆ. ವಾಕಿಂಗ್ ಹೋದರೆ ಆರೋಗ್ಯ ಎನ್ನುತ್ತಾರೆ, ಗುಡಿಯ ಕಟ್ಟೆಯ ಮೇಲೆ ಕೂತರೆ ಭಕ್ತಿ ಎನ್ನುತ್ತಾರೆ, ಹಗಲೆಲ್ಲ ಮಲಗಿದರೂ ಪಾಪ, ದುಡಿದ ಜೀವ ಎನ್ನುತ್ತಾರೆ. ಆದರೆ ನ್ಯಾಮತಿಯಂಥ ಊರಿನಲ್ಲಿ ಅರವತ್ತು ದಾಟಿದ ಮೇಷ್ಟ್ರೊಬ್ಬ ಬೆಳಿಗ್ಗೆ ಎದ್ದು ಜಗುಲಿಯಲ್ಲಿ ಕೂತು ಗಟ್ಟಿಯಾಗಿ ರಷ್ಯನ್ ಬಾಯಿಪಾಠ ಮಾಡಿದರೆ ಮಾತ್ರ ಯಾರಿಗೂ ಸಹ್ಯವಾಗುವುದಿಲ್ಲ. ನಾನು ಎರಡೂವರೆ ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಮೊದಲ ವಾರವೇ ಹಾಲು ಹಾಕುವವಳು ನನ್ನ ಹೆಂಡತಿ ಶಾರದೆಯನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರು ಹುಷಾರಾಗಿ ಅದಾರೇನಮ್ಮಾ? ಒಬ್ರೇ ಕುಂತು ಯಾರಿಗೋ ಬೈತಾ ಅದಾರೆ" ಎಂದು ವಿಚಾರಿಸಿದ್ದಳಂತೆ.

ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟಿರುವ ನನ್ನ ಗೆಳೆಯ ಇಮ್ತಿಯಾಜ್ ಸಾಹೇಬರು ಇನ್ನೂ ನೇರ. "ಅಲ್ರೀ ಮೇಷ್ಟ್ರೆ, ಆ ದೇಶನೇ ಒಡೆದು ಚೂರಾಗಿ ಎಷ್ಟೋ ವರ್ಷ ಆತು. ಅವ್ರ ಭಾಷೆ ಕಲ್ತು ಯಾರ ಹತ್ರ ಮಾತಾಡಾಕೆ? ಅದರ ಬದ್ಲು ಉರ್ದು ಕಲೀರಿ, ದಿನಾ ನಾನೇ ಸಿಗ್ತೀನಿ" ಎಂದರು. ದೇಶ ಒಡೆದದ್ದನ್ನು ನನಗೆ ಹೇಳಬೇಕೆ? ಆಗ ನಾನು ಜಗಳೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದೆ. ಅರ್ಧವಾರ್ಷಿಕ ಪರೀಕ್ಷೆಗೆ ಇದ್ದ ದೇಶ ವಾರ್ಷಿಕ ಪರೀಕ್ಷೆಗೆ ಇರಲಿಲ್ಲ. ಗೋಡೆಯ ನಕ್ಷೆಯಲ್ಲಿ ಮಾತ್ರ ಅದು ಇನ್ನೂ ಹತ್ತು ವರ್ಷ ಕೆಂಪಗೆ ನೇತಾಡುತ್ತಿತ್ತು. ಹೊಸ ನಕ್ಷೆ ಬಂದಿರಲಿಲ್ಲ, ನನಗೂ ತರಿಸುವ ಮನಸ್ಸಿರಲಿಲ್ಲ. ಅದರ ಕಾರಣವನ್ನು ಹೆಡ್‌ಮಾಸ್ಟರಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ಆ ಕಾಲದಲ್ಲಿ ಆ ದೇಶದಿಂದ ಕನ್ನಡದಲ್ಲೇ ಅಚ್ಚಾದ ನುಣುಪು ಕಾಗದದ ಪತ್ರಿಕೆಯೊಂದು ಬರುತ್ತಿತ್ತು. ಮಕ್ಕಳು ಅದನ್ನು ಪುಸ್ತಕಕ್ಕೆ ಬೈಂಡ್ ಹಾಕಲು ಬಳಸುತ್ತಿದ್ದರು, ನಾನೊಬ್ಬ ಓದುತ್ತಿದ್ದೆ. ಅದರಲ್ಲಿ ಪತ್ರಮಿತ್ರರ ವಿಳಾಸಗಳಿರುತ್ತಿದ್ದವು. ಹಾಗೆ ಸಿಕ್ಕವಳು ತಾನ್ಯಾ. ವೋಲ್ಗಾ ನದಿಯ ದಂಡೆಯ ಒಂದು ಊರಿನವಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದಲ್ಲಿ ಕೆಟ್ಟದಾಗಿದ್ದುದರಿಂದ ಸ್ನೇಹ ಚೆನ್ನಾಗಿ ಬೆಳೆಯಿತು. ಅವಳು ವೋಲ್ಗಾದ ಬಗ್ಗೆ ಎರಡು ಪುಟ ಬರೆದರೆ ನಾನು ಸೂಳೆಕೆರೆಯ ಬಗ್ಗೆ ಮೂರು ಪುಟ ಬರೆದೆ. ಹೆಸರಿನ ಕಥೆ ಹೇಳುವ ಧೈರ್ಯ ಸಾಲದೆ ಶಾಂತಿಸಾಗರ ಎಂದೇ ಬರೆದೆ. ಎರಡು ವರ್ಷ ಹೀಗೆ ನಡೆಯಿತು. ಜಗಳೂರಿನ ಬಾಡಿಗೆ ಕೋಣೆಯಲ್ಲಿ ಪೋಸ್ಟ್‌ಮ್ಯಾನ್ ಸೈಕಲ್ಲಿನ ಸದ್ದಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಏನು ಹೆಸರೋ ನೀವೇ ಇಟ್ಟುಕೊಳ್ಳಿ.

ಒಮ್ಮೆ ಧೈರ್ಯ ಮಾಡಿದೆ. ನಮ್ಮ ಕಡೆ ಯಾವ ಮಾತೇ ಗಟ್ಟಿಯಾಗಬೇಕಾದರೂ ಎಲೆ ಅಡಿಕೆ ಕೈ ಬದಲಾಗಬೇಕಲ್ಲ? ಎಲೆ ಅಷ್ಟು ದೂರ ಬಾಳುವುದಿಲ್ಲ. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದ ಸೋದರಮಾವನ ಅಂಗಡಿಯಿಂದ ಒಂದು ಹಿಡಿ ಕೆಂಪಡಿಕೆ ಆರಿಸಿ ತಂದು, ಬಟ್ಟೆಯಲ್ಲಿ ಹೊಲಿದು, ಪಾರ್ಸೆಲ್ ಕಳಿಸಿದೆ. ಇದು ಏನು, ಏನು ಮಾಡಬೇಕು ಎಂದು ಒಂದು ಸಾಲೂ ಬರೆಯಲಿಲ್ಲ. ಅಡಿಕೆ ಎಂದರೇನು ಎಂದು ವಿವರಿಸಬೇಕಾದೀತು ಎಂಬುದು ಚನ್ನಗಿರಿಯಲ್ಲಿ ಹುಟ್ಟಿದವನ ತಲೆಗೆ ಹೊಳೆಯುವ ಸಂಗತಿಯೇ ಅಲ್ಲ.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಪೂರ್ತಿ ರಷ್ಯನ್‌ನಲ್ಲಿ, ಕೈಬರಹದಲ್ಲಿ. ಭಾವ ತುಂಬಿ ಬಂದಾಗ ಮನುಷ್ಯ ತಾಯಿನುಡಿಗೇ ಹೋಗುತ್ತಾನೆ ಎಂದುಕೊಂಡು ನಾನು ಆ ದಿನ ಊಟ ಬಿಟ್ಟೆ. ಆದರೆ ಓದುವವರು ಬೇಕಲ್ಲ? ದಾವಣಗೆರೆಯಲ್ಲಿ ಕೇಳಿದೆ, ಶಿವಮೊಗ್ಗದಲ್ಲಿ ಕೇಳಿದೆ, ಯಾರೂ ಸಿಗಲಿಲ್ಲ. ಏನು ಬರೆದಿದ್ದಾಳೆಂದೇ ಗೊತ್ತಿಲ್ಲದೆ ಹೂಂ ಅಂತ ಬರೆಯಲೋ, ಊಹೂಂ ಅಂತ ಬರೆಯಲೋ? ಓದಿಸಿದ ಮೇಲೆ ಬರೆದರಾಯಿತು ಎಂದು ಸುಮ್ಮನಾದೆ. ಅಷ್ಟರಲ್ಲಿ ಆ ದೇಶ ಹೋಯಿತು, ನನಗೆ ಹೊನ್ನಾಳಿಯಿಂದ ಶಾರದೆ ಬಂದಳು. ಕಾಗದ ಟ್ರಂಕಿನ ತಳಕ್ಕೆ ಹೋಯಿತು. ಮದುವೆಯಾದ ವರ್ಷವೇ ಅವಳಿಗೆ ತೋರಿಸಿದ್ದೆ. "ನನಗಿಂತ ಮೊದ್ಲು ರಷ್ಯಾದೋಳಿಗೆ ಅಡಿಕೆ ಕೊಟ್ಟೋರು" ಎಂದು ಈಗಲೂ ಸಮಯ ನೋಡಿ ಚುಚ್ಚುತ್ತಾಳೆ.

ಶಾರದೆಯ ಅಣ್ಣನ ಮಗ ರಷ್ಯಾದಲ್ಲೇ ಆರು ವರ್ಷ ಓದಿ ಡಾಕ್ಟರಾಗಿ ಬಂದು ಹೊನ್ನಾಳಿಯಲ್ಲಿ ಕ್ಲಿನಿಕ್ ತೆರೆದಾಗ ನನ್ನ ಆಸೆ ಮತ್ತೆ ಚಿಗುರಿತು. ಕಾಗದ ಹಿಡಿದು ಮೊದಲ ಬಸ್ಸಿಗೇ ಹೋದೆ. ಅವನು ಅದನ್ನು ಆ ಕಡೆ ಈ ಕಡೆ ತಿರುಗಿಸಿ, "ಮಾವಾ, ನಾವು ಓದಿದ್ದು ಇಂಗ್ಲಿಷ್‌ನಾಗೆ. ಎಲ್ಲಿ ನೋವು ಐತೆ, ಆಲೂಗಡ್ಡೆ ಹೆಂಗೆ ಕೆಜಿ, ಇಷ್ಟೇ ನಂಗೆ ಬರೋ ರಷ್ಯನ್. ಈ ಕೈಬರಹ ಯಾರಿಗೆ ತಿಳೀತೈತೆ?" ಎಂದ. ಹೀಗೆ ಹೇಳಿದವನು ಒಬ್ಬ ಡಾಕ್ಟರು ಎಂಬುದನ್ನು ದಯವಿಟ್ಟು ಗಮನಿಸಿ. ಫೋನಿಗೆ ಹಿಡಿದು ನೋಡಿದ. ಫೋನೂ ಏನೇನೋ ಬಡಬಡಿಸಿತು. ಕಲಿಯುತ್ತೇನೆ ಎಂದು ನಾನು ಅಂದಾಗ ನಕ್ಕ. "ಅಲ್ಲಿ ಸುತ್ತಮುತ್ತಲ ದೇಶದೋರೇ ಅದನ್ನ ಬಿಟ್ಟು ಇಂಗ್ಲಿಷ್ ಹಿಡೀತಾ ಅದಾರೆ. ಇಳೀತಾ ಇರೋ ಭಾಷೆ ಮಾವಾ, ಈ ವಯಸ್ಸಿನಾಗೆ ನಿಮಗ್ಯಾಕೆ?" ಎಂದ. ಇಳಿಯುತ್ತಿರುವವನು ನಾನೂ ತಾನೇ, ಜೊತೆಯಾಗುತ್ತದೆ ಎಂದು ಬಸ್ಸು ಹತ್ತಿದೆ.

ಎರಡು ವರ್ಷ ಹಿಡಿಯಿತು. ಆ ಕೈಬರಹ ಒಂದೇ ಅಳತೆಯ ಗೂಟ ನೆಟ್ಟ ಬೇಲಿಯ ಹಾಗೆ. ಒಂದು ಅಕ್ಷರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಮೊನ್ನೆ ದೀಪಾವಳಿ ಕಳೆದ ಮೇಲೆ ಕೊನೆಯ ಸಾಲನ್ನೂ ಬಿಡಿಸಿದೆ. ಶಾರದೆ ಸೊಪ್ಪು ಸೋಸುತ್ತ ಕೂತಿದ್ದಳು. ಅವಳಿಗೇ ಓದಿ ಹೇಳಿದೆ.

ಕಾಗದ ಬರೆದವಳು ತಾನ್ಯಾ ಅಲ್ಲ, ಅವಳ ತಾಯಿ. ಬರೆದದ್ದು ಇಷ್ಟು: ತಾನ್ಯಾ ಮದುವೆಯಾಗಿ ದೂರದ ಊರಿಗೆ ಹೋದಳು, ನಿಮ್ಮ ಪಾರ್ಸೆಲ್ ನನ್ನ ಕೈ ಸೇರಿತು, ನನಗೆ ಇಂಗ್ಲಿಷ್ ಬಾರದು, ಕ್ಷಮಿಸಿ. ನೀವು ಕಳಿಸಿದ ಬೀಜ ಬಹಳ ಚಂದ ಇವೆ. ಮೂರನ್ನು ಕುಂಡದಲ್ಲಿ ಹಾಕಿ ಕಿಟಕಿಯ ಹತ್ತಿರ ಬೆಚ್ಚಗೆ ಇಟ್ಟಿದ್ದೇನೆ. ದಿನಾ ನೀರು ಹಾಕುತ್ತೇನೆ. ಎರಡು ತಿಂಗಳಾಯಿತು, ಇನ್ನೂ ಮೊಳಕೆ ಬಂದಿಲ್ಲ. ಎಷ್ಟು ದಿನ ಬೇಕು? ನಿಮ್ಮ ಉತ್ತರ ಕಾಯುತ್ತೇನೆ.

ಶಾರದೆ ನಗುತ್ತಾಳೆ ಎಂದುಕೊಂಡಿದ್ದೆ. ಮೂವತ್ತು ವರ್ಷ ನಾನು ಪ್ರೇಮಪತ್ರವೆಂದು ಕಾಪಾಡಿದ್ದು ಬೇಸಾಯದ ಪ್ರಶ್ನೆ! ಅವಳು ನಗಲಿಲ್ಲ. ಸೊಪ್ಪು ಕೆಳಗಿಟ್ಟು, "ಬೇಯಿಸಿದ ಅಡಿಕೆ ಅಲ್ವೇನ್ರೀ ಅದು?" ಎಂದಳು.

"ಹೂಂ. ಸುಲಿದು ಬೇಯಿಸಿ ಒಣಗಿಸಿದ್ದು."

"ಅಯ್ಯೋ ಶಿವನೇ. ಪಾಪ, ಎಷ್ಟು ದಿನ ನೀರು ಹಾಕಿದ್ಲೋ."

ಆ ಮಾತು ನನ್ನ ಎದೆಗೆ ನಾಟಿತು. ಆ ತಾಯಿ ಇದ್ದರೆ ಈಗ ತೊಂಬತ್ತು ದಾಟಿರಬೇಕು. ತಾನ್ಯಾಳನ್ನು ನೆನೆದು ಪಡದಷ್ಟು ಸಂಕಟ, ಮುಖವೇ ನೋಡದ ಆ ಮುದುಕಿಯನ್ನು ನೆನೆದು ಪಟ್ಟೆ. ಒಂದು ಕಾರ್ಡು ಬರೆದಿದ್ದರೆ ಮುಗಿಯುತ್ತಿತ್ತು. ಉತ್ತರ ಬರೆಯಲು ಕೂತೆ. ಇದು ಬೇಯಿಸಿದ ಅಡಿಕೆ, ಮೊಳೆಯುವುದಿಲ್ಲ ಎಂದು ಬರೆದದ್ದನ್ನು ಶಾರದೆಗೆ ಕನ್ನಡದಲ್ಲಿ ಹೇಳಿದೆ.

"ಹಂಗೆ ಬರೀಬ್ಯಾಡ್ರೀ" ಎಂದಳು. "ಇಷ್ಟು ವರ್ಷ ಬಿಟ್ಟು ಹೇಳೋ ಮಾತಾ ಅದು? ಇನ್ನೊಂದಿಷ್ಟು ದಿನ ನೋಡಿ ಅಂತ ಬರೀರಿ."

ಹಾಗೇ ಬರೆದೆ. ಆ ಒಂದು ಸಾಲನ್ನು ತಪ್ಪಿಲ್ಲದೆ ಬರೆಯಲು ಮೂರು ದಿನ ಹಿಡಿಯಿತು. ಹಳೇ ವಿಳಾಸಕ್ಕೆ ರಿಜಿಸ್ಟರ್ ಮಾಡಿದೆ. ಆ ಬೀದಿಯ ಹೆಸರು ಈಗ ಇದೆಯೋ ಇಲ್ಲವೋ, ದೇವರೇ ಬಲ್ಲ.

ನಾಲ್ಕು ತಿಂಗಳಾಯಿತು. ಬೆಳಿಗ್ಗೆ ಜಗುಲಿಯ ಬಾಯಿಪಾಠ ಇನ್ನೂ ನಿಂತಿಲ್ಲ. ಉತ್ತರ ಬಂದರೆ ಓದಬೇಕಲ್ಲ? ಇಮ್ತಿಯಾಜ್ ಸಾಹೇಬರು ಬಟ್ಟೆಗೆ ಕತ್ತರಿ ಹಾಕುತ್ತ, "ರಷ್ಯಾದಿಂದ ಏನಾದ್ರೂ ಬಂತೇನ್ರೀ ಮೇಷ್ಟ್ರೆ?" ಎಂದು ಕೇಳುತ್ತಾರೆ.

"ಇಲ್ಲ ಸಾಹೇಬ್ರೆ" ಎನ್ನುತ್ತೇನೆ. "ಇನ್ನೊಂದಿಷ್ಟು ದಿನ ನೋಡಾನ."