ಬಾಸ್ಕೆಟ್‌ಬಾಲ್ ರಿಂಗಿಗೆ ಕಟ್ಟಿದ ತೊಟ್ಟಿಲು

ಎಂಬತ್ತರ ದಶಕದಲ್ಲಿ ವಿಶ್ವವಿದ್ಯಾಲಯವು ಬಾಗಲಕೋಟೆಯಲ್ಲಿ ಒಂದು ಬಹೂಪಯೋಗಿ ಬಾಸ್ಕೆಟ್‌ಬಾಲ್ ಭವನವನ್ನು ಕಟ್ಟಿಸಿ, ಅದರ ಉಸ್ತುವಾರಿಯನ್ನು ಇತಿಹಾಸದ ಉಪನ್ಯಾಸಕನಾದ ನನಗೆ ವಹಿಸಿತು. ನನ್ನ ಅರ್ಹತೆ ಒಂದೇ: ಎತ್ತರ! ಭವನದಲ್ಲಿ ಪರೀಕ್ಷೆ ನಡೆಯಿತು, ಕಣ್ಣಿನ ಶಿಬಿರ ನಡೆಯಿತು, ಇಳಕಲ್ ಸೀರೆಗಳ ಪ್ರದರ್ಶನ ನಡೆಯಿತು. ಬಾಸ್ಕೆಟ್‌ಬಾಲ್ ಮಾತ್ರ ಬಾಕಿ ಇತ್ತು.

ಅಷ್ಟರಲ್ಲಿ ನನಗೆ ಮಗಳು ಹುಟ್ಟಿದಳು. ಅತ್ತೆಯ ಮನೆಯಲ್ಲಿ ಆರು ಜನ ಕೂತರೆ ಏಳನೆಯವರು ಓಣಿಯಲ್ಲಿ. ತೊಟ್ಟಿಲ ಕಾರ್ಯ ಭವನದಲ್ಲೇ ಆಗಲಿ ಎಂದು ಘೋಷಿಸಿದೆ. ಆದರೆ ಅಲ್ಲಿ ತೊಟ್ಟಿಲು ಕಟ್ಟಲು ಕೈಗೆ ಸಿಗುವ ತೊಲೆಯೇ ಇಲ್ಲ. ನಾನು ಗಂಭೀರವಾಗಿ ರಿಂಗಿನತ್ತ ಬೆರಳು ತೋರಿಸಿದೆ.

"ಅದು ಚೆಂಡು ಒಗಿಯೂದಲ್ಲೇನ್ರಿ?" ಎಂದಳು ಹೆಂಡತಿ ಶಾಂತಾ.

"ಬಹೂಪಯೋಗಿ!" ಎಂದೆ.

"ಅಳಿಯಂದಿರ, ಕೂಸು ಹಾಕೂದೈತಿ. ಗಟ್ಟಿ ಐತೇನು ನೋಡ್ರಿ," ಎಂದರು ಅತ್ತೆ.

ಮೇಜು ಹತ್ತಿ ರಿಂಗಿಗೆ ಜೋತುಬಿದ್ದೆ. ಬೀಗರೆಲ್ಲ ನೋಡುತ್ತಿದ್ದರು. ಹೀಗಾಗಿ ಮೂರು ಸಲ ಜೋಕಾಲಿಯಾಡಿದೆ. ಮೇಲೆ ಏನೋ ಕಿರ್ರ್ ಎಂದಿತು.

"ಸರ್, ಬೋಲ್ಟು ಒದರಾಕತ್ತಾವ್ರಿ," ಎಂದ ಜವಾನ ಹುಸೇನಸಾಬ.

"ಹೊಸಾ ಕಬ್ಬಿಣ ಹಂಗ ಇರತೈತಿ!" ಎಂದು ತೊಟ್ಟಿಲು ಕಟ್ಟಿಸಿಯೇಬಿಟ್ಟೆ.

ನಮ್ಮ ಕಡೆ ತೊಟ್ಟಿಲಿಗೆ ಮೊದಲು ಕೂಸನ್ನು ಹಾಕುವುದಿಲ್ಲ. ಅರೆಯುವ ಗುಂಡಕಲ್ಲಿಗೆ ಕೂಸಿನ ತಲೆ-ಬೆನ್ನು ಮುಚ್ಚುವ ಕುಂಚಿಗೆ ತೊಡಿಸಿ, ಅದನ್ನೇ ಮಲಗಿಸಿ ತೂಗುತ್ತಾರೆ. ಓದಿದವನಾದ ನಾನು ಸುಮ್ಮನಿರಬಹುದೇ? "ಕಲ್ಲಿಗೆಂಥಾ ಜೋಗುಳ? ನೇರ ಕೂಸನ್ನ ಹಾಕೂಣು," ಎಂದು ಮಗಳಿಗೆ ಕೈಚಾಚಿದೆ.

ಅತ್ತೆ ಕೂಸನ್ನು ಸೆರಗಿನೊಳಗೆ ಎಳೆದುಕೊಂಡರು. "ನಿಮ್ಮ ಎಂ.ಎ. ಬಾಗಲದಾಗ ಬಿಟ್ಟು ಬರ್ರಿ. ಮದಲ ಕಲ್ಲು."

ಕಲ್ಲನ್ನು ಮಲಗಿಸಿದರು. ಕಮತಗಿಯ ದೊಡ್ಡವ್ವ ಜೋಗುಳ ಎತ್ತಿಕೊಂಡಳು. ಒಂದು ತೂಗು. ಎರಡು ತೂಗು. ಮೂರನೆಯದಕ್ಕೆ ರಿಂಗು, ಹಗ್ಗ, ತೊಟ್ಟಿಲು ಎಲ್ಲವೂ ಒಟ್ಟಿಗೇ ಧಡಾರೆಂದು ನೆಲಕ್ಕೆ ಬಂದವು! ರಿಂಗು ಬಿದ್ದದ್ದು ನೆಟ್ಟಗೆ ತೊಟ್ಟಿಲ ತಲೆದಿಂಬಿನ ಮೇಲೆ. ಕುಂಚಿಗೆ ಉರುಳಿಕೊಂಡು ಹೋಯಿತು.

ನನ್ನ ಬುದ್ಧಿ ನಿಂತುಹೋಯಿತು. "ಅಯ್ಯೋ ಮಗಳ!" ಎಂದು ಚೀರಿ, ಓಡಿಹೋಗಿ ಕುಂಚಿಗೆಯನ್ನು ಬಾಚಿ ತಬ್ಬಿಕೊಂಡೆ. ಗಳಗಳನೆ ಅತ್ತುಬಿಟ್ಟೆ. ಮುದ್ದಿಟ್ಟೆ. ತಣ್ಣಗಿತ್ತು! ಇನ್ನಷ್ಟು ಗೋಳಾಡಿದೆ.

"ಏನ್ರಿ, ನಿಮ್ಮ ಮಗಳು ಇಲ್ಲಿ ಅದಾಳ್ರಿ!" ಎಂದು ಶಾಂತಾ ಕೂಗಿದಳು.

ತಿರುಗಿ ನೋಡಿದೆ. ಅತ್ತೆಯ ಮಡಿಲಲ್ಲಿ ಮಗಳು ಆಕಳಿಸುತ್ತಿದ್ದಳು. ಆನಂದದಿಂದ ಎರಡೂ ಕೈ ಬಿಟ್ಟೆ. ಗುಂಡಕಲ್ಲು ನನ್ನ ಬಲಗಾಲಿನ ಮೇಲೆ ಬಿತ್ತು.

ವಿಶ್ವವಿದ್ಯಾಲಯದಿಂದ ಪತ್ರ ಬಂತು: ಬಹೂಪಯೋಗಗಳ ಪಟ್ಟಿಯಲ್ಲಿ ತೊಟ್ಟಿಲು ಎಷ್ಟನೆಯದು, ಕೂಡಲೇ ತಿಳಿಸತಕ್ಕದ್ದು. ರಿಂಗಿಗೆ ನಾಲ್ಕು ಬೋಲ್ಟು ಇರಬೇಕಾದಲ್ಲಿ ಎರಡೇ ಏಕಿದ್ದವೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಜೋಕಾಲಿಯಾಡಿ ಆ ಎರಡನ್ನೂ ಸಡಿಲಿಸಿದವನು ನಾನೇ ತಾನೆ! ಎಷ್ಟೋ ವರ್ಷಗಳಾದವು. ತಲೆದಿಂಬಿನ ಮೇಲೆ ಬಿದ್ದ ಆ ರಿಂಗು ಇವತ್ತಿಗೂ ನನ್ನ ಕಣ್ಣೆದುರು ಬೀಳುತ್ತಲೇ ಇದೆ.

ತೊಟ್ಟಿಲು ಬಿದ್ದ ಮೂರನೆಯ ದಿನ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕುಂಟುತ್ತ ಹೋಗಿ ಮಗಳಿಗಾಗಿ ಕೈಚಾಚಿದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮದಲ ಕುಂದರ್ರಿ."

ಕುರ್ಚಿಯಲ್ಲಿ ಕೂತೆ.

"ಅಲ್ಲಲ್ಲ. ನೆಲದ ಮ್ಯಾಲೆ."

ನೆಲದ ಮೇಲೆ ಕೂತು, ಗೋಡೆಗೆ ಆತುಕೊಂಡೆ. ಮಗಳನ್ನು ಕೊಟ್ಟರು. ಆದರೆ ಕೂಸಿನ ಕೆಳಗಿದ್ದ ತಮ್ಮ ಕೈಯನ್ನು ಮಾತ್ರ ತೆಗೆಯಲಿಲ್ಲ!