ಅನಂತರಾಜು ನಿಂತೇ ಬಾರಿಸಿದರು

"ಕೂತ್ಕೊಂಡು ಯಾರ್ ಬೇಕಾದ್ರೂ ಬಾರಿಸ್ತಾರೆ! ನಮ್ಮ ಮದುವೆ ಇಪ್ಪತ್ತೈದನೇ ವರ್ಷದ ಫಂಕ್ಷನ್‌ಗೆ ನಾನು ನಿಂತ್ಕೊಂಡು ಗಿಟಾರ್ ಬಾರಿಸ್ತೀನಿ. ಇಡೀ ಅಟ್ಟೂರು ಬಾಯ್ ಬಿಟ್ಕೊಂಡು ನೋಡ್ಬೇಕು!"

ಅನಂತರಾಜು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೀಗೆ ಘೋಷಿಸಿದಾಗ ಅವರ ಹೆಂಡತಿ ನಾಗಲಕ್ಷ್ಮಿ ಹುರುಳೀಕಾಯಿ ನಾರು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಸದ್ಯಕ್ಕೆ ನಿಂತ್ಕೊಂಡು ಪಲ್ಯಕ್ಕೆ ಕಾಯಿ ತುರ್ದುಕೊಡಿ, ಸಾಕು" ಎಂದರು.

ಇಂಥ ಮಾತಿಗೆಲ್ಲ ಜಗ್ಗುವ ಜಾಯಮಾನ ಅನಂತರಾಜು ಅವರದಲ್ಲ. ಅವರ ಎದೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಒಂದು ಮುಳ್ಳು ಮುರಿದುಕೊಂಡು ಕೂತಿತ್ತು. ಅವರ ಆರತಕ್ಷತೆ ನಡೆದದ್ದು ಯಲಹಂಕದ ಒಂದು ಛತ್ರದಲ್ಲಿ. ನಮ್ಮ ಆರತಕ್ಷತೆಗಳು ನಿಮಗೆ ಗೊತ್ತಲ್ಲ! ಗಂಡು ಹೆಣ್ಣಿನ ಹಿಂದೆ ಸಿಂಹಾಸನದಂಥ ಎರಡು ಕುರ್ಚಿ ಇಟ್ಟಿರುತ್ತಾರೆ. ಅವು ಕೂರುವುದಕ್ಕಲ್ಲ, ಉಡುಗೊರೆ ಪೇರಿಸುವುದಕ್ಕೆ. ವಧೂವರರು ಮಾತ್ರ ಕೈ ಮುಗಿಯುತ್ತ, ಫೋಟೋಗೆ ಹಲ್ಲು ಕಿರಿಯುತ್ತ ನಿಂತೇ ಇರಬೇಕು. ಅವತ್ತು ಪಕ್ಕದಲ್ಲೇ ಆರ್ಕೆಸ್ಟ್ರಾ. ಹೊಸ ಮದುಮಗಳ ಕಣ್ಣು ಗಂಡನ ಕಡೆಗಿಲ್ಲ, ಬಂದ ನೆಂಟರ ಕಡೆಗಿಲ್ಲ, ನೇರ ಗಿಟಾರಿನವನ ಕಡೆಗೆ! ಅನಂತರಾಜು ನಿಂತಿದ್ದ ಕಡೆಗೆ ಹೂವಿನ ಅಲಂಕಾರ ಅಡ್ಡ. ಅವರಿಗೆ ಕಂಡದ್ದು ಅವನ ಕ್ರಾಪು, ಗಿಟಾರಿನ ಕುತ್ತಿಗೆ, ಅಷ್ಟೇ. ಆದರೆ ಹೆಂಡತಿಯ ನೋಟ ಪೂರ್ತಿ ಕಂಡಿತು. ಆಹಾ, ಎಂಥ ನೋಟ! ಏಕಾದಶಿ ಉಪವಾಸದವರು ದ್ವಾದಶಿಯ ಎಲೆಯನ್ನು ನೋಡುವ ನೋಟ!

ಒಂದೇ ಒಂದು ಸಲ ಆ ನೋಟ ತಮ್ಮ ಕಡೆ ತಿರುಗಬೇಕೆಂಬುದು ಅನಂತರಾಜು ಅವರ ಜೀವಮಾನದ ಆಸೆ. ಅವನ ಹಾಗೇ ನಿಂತು ಬಾರಿಸಬೇಕೆಂದು ತಲೆ ನರೆತ ಮೇಲೆ ಗಿಟಾರು ಕೊಂಡರು, ಆರ್.ಟಿ. ನಗರದ ಮುಬಶ್ಶಿರ್ ಎಂಬ ಮೇಷ್ಟ್ರ ಬಳಿ ಪಾಠಕ್ಕೆ ಸೇರಿದರು. ಬೆರಳ ತುದಿಗಳು ಬೊಬ್ಬೆ ಬಂದು, ಒಡೆದು, ಗಟ್ಟಿಯಾದವು. ಬಿಡಲಿಲ್ಲ ನೋಡಿ ಮಹರಾಯರು! ಈ ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು. ದಿವಾನದ ಮೇಲೆ ಕೂತು ಬಾರಿಸಿದರೆ ಸಾಕ್ಷಾತ್ ಗಂಧರ್ವ.

ಎದ್ದು ನಿಂತರೆ ಮುಗಿಯಿತು! ತೊಡೆಯ ಮೇಲೆ ಸಾಧು ಹಸುವಿನಂತೆ ಮಲಗುತ್ತಿದ್ದ ಗಿಟಾರು, ಬೆಲ್ಟು ಸಿಕ್ಕಿಸಿ ನಿಂತೊಡನೆ ಅವರ ಹೊಟ್ಟೆಯೆಂಬ ಗುಡ್ಡ ಹತ್ತಿ ಆಕಾಶ ನೋಡುತ್ತಿತ್ತು. ತಂತಿ ಕಾಣಲೆಂದು ಕತ್ತು ಬಗ್ಗಿಸಿದರು, ಕನ್ನಡಕ ಜಾರಿತು. ಕನ್ನಡಕ ಹಿಡಿಯಲು ಎಡಗೈ ಬಿಟ್ಟರು, ಗಿಟಾರಿನ ಕುತ್ತಿಗೆ ದಡಕ್ಕನೆ ಇಳಿದು ಮೇಜಿನ ಮೇಲಿದ್ದ ಉಪ್ಪಿನಕಾಯಿ ಜಾಡಿಯನ್ನು ನೆಲಕ್ಕೆ ಉರುಳಿಸಿತು. ಅಯ್ಯಯ್ಯೋ ಎಂದು ತಿರುಗಿದರು, ಇನ್ನೊಂದು ತುದಿ ಹಪ್ಪಳದ ಡಬ್ಬಕ್ಕೆ ಬಡಿಯಿತು!

"ಇದೇನ್ರೀ, ಗಿಟಾರೋ ಗದೆಯೋ?" ನಾಗಲಕ್ಷ್ಮಿ ಅಡುಗೆಮನೆಯಿಂದ ಓಡಿಬಂದರು.

"ಕಲೆಗೋಸ್ಕರ ಸ್ವಲ್ಪ ತ್ಯಾಗ ಮಾಡ್ಬೇಕು ಕಣೇ."

"ತ್ಯಾಗ ಆಗಿದ್ದು ನಮ್ಮಮ್ಮ ಹಾಕ್ಕೊಟ್ಟಿದ್ದ ಉಪ್ಪಿನಕಾಯಿ!"

ಮೇಷ್ಟ್ರ ಹತ್ತಿರ ದೂರು ಹೋಯಿತು. ಮುಬಶ್ಶಿರ್ ಬೆಲ್ಟು ಎಳೆದು ನೋಡಿ ನಕ್ಕ. "ಅಂಕಲ್, ಇದನ್ನ ಗಿಡ್ಡ ಮಾಡಿ. ಕೂತಾಗ ಗಿಟಾರ್ ಎಲ್ಲಿರುತ್ತೋ, ನಿಂತಾಗ್ಲೂ ಅಲ್ಲೇ ಇರ್ಬೇಕು. ಎಡಗೈ ಇರೋದು ಬಾರ್ಸೋಕೆ, ಹೊರೋಕಲ್ಲ. ದಿನಾ ಸ್ವಲ್ಪ ಹೊತ್ತು ನಿಂತ್ಕೊಳ್ಳಿ, ತಾನಾಗೇ ಮೈಗೆ ಹೊಂದ್ಕೊಳ್ಳುತ್ತೆ."

ಅನಂತರಾಜು ಅವರ ಕಿವಿಗೆ ಬಿದ್ದದ್ದು "ಅಲ್ಲೇ ಇರ್ಬೇಕು" ಅನ್ನುವುದೊಂದೇ. ಅಲ್ಲಾಡದೆ ಮೈಗೆ ಅಂಟಿಕೊಂಡಿರುವುದೆಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ! ಪ್ರಾಯದಲ್ಲಿ ಮನೆಯ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದ ಮೈ ಅದು. ಬೆನ್ನಿಗೆ ಔಷಧಿ ಡಬ್ಬ ಬಿಗಿದರೆ, ಬಗ್ಗಿದರೂ ಎದ್ದರೂ ಕೂದಲೆಳೆಯಷ್ಟೂ ಜರುಗುತ್ತಿರಲಿಲ್ಲ. ಆ ಡಬ್ಬದ ಬೆಲ್ಟುಗಳನ್ನು ದೊಡ್ಡಪ್ಪ ಚಿಕ್ಕಮಾರಯ್ಯ ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದರು.

"ಏನ್ಲಾ ಅನಂತ, ತ್ವಾಟ ಓಗಿ ಲೇಔಟಾಯ್ತು. ಈಗ ಯಾವ ಗಿಡಕ್ಲಾ ಔಸ್ದಿ ಒಡೀತೀಯ?"

"ಗಿಡಕ್ಕಲ್ಲ ದೊಡ್ಡಪ್ಪ, ಗಿಟಾರ್‌ಗೆ."

"ಅದ್ಕೂ ಉಳ ಬಿದ್ದೈತಾ?"

ಎರಡು ಬೆಲ್ಟು ಹೆಗಲಿಗೆ, ಒಂದು ಸೊಂಟಕ್ಕೆ. ಗಿಟಾರು ಎದೆಗೆ ಬಂದು ಕಚ್ಚಿಕೊಂಡಿತು! ಆಮೇಲೆ ಕೇಳಬೇಕೆ? ಅನಂತರಾಜು ಗಿಟಾರು ಬಿಗಿದುಕೊಂಡೇ ಗಿಡಕ್ಕೆ ನೀರು ಹಾಕಿದರು, ಹಾಲು ತಂದರು, ಪುಟ್ಟೇನಹಳ್ಳಿ ಕೆರೆ ಸುತ್ತ ವಾಕಿಂಗ್ ಹೋದರು. ಬಾತುಕೋಳಿಗಳು ಹಾರಿಹೋದವು, ಇವರು ಬಿಡಲಿಲ್ಲ. ಕೊನೆಗೊಂದು ದಿನ ತಂತಿಯ ಕಡೆ ನೋಡದೆ, ತಲೆಯೆತ್ತಿ, ಎದೆಯುಬ್ಬಿಸಿ, ನಿಂತು, ಒಂದು ಹಾಡನ್ನು ಪೂರ್ತಿ ನುಡಿಸಿಯೇಬಿಟ್ಟರು.

ಸಮಾರಂಭದ ದಿನ ಬಂತು. ಛತ್ರದ ಹಿಂದಿನ ಕೋಣೆಯಲ್ಲಿ ದೊಡ್ಡಪ್ಪನೇ ಬೆಲ್ಟು ಕಟ್ಟಿದರು. ತುಕ್ಕು ಹಿಡಿದಿದ್ದ ಬಕಲುಗಳು ಅಷ್ಟರಲ್ಲಿ ಮುರಿದಿದ್ದರಿಂದ ಬೆನ್ನ ಹಿಂದೆ, ತೋಟದಲ್ಲಿ ಹಾಕುತ್ತಿದ್ದಂಥ ಗಂಟು ಬಿತ್ತು.

"ಬಿಗಿಯಾಗ್ ಕಟ್ಟು ದೊಡ್ಡಪ್ಪ, ಇವತ್ತು ನನ್ನ ಮಾನದ ಪ್ರಶ್ನೆ."

"ಈ ಗಂಟ ನನ್ ಬಿಟ್ಟು ಯಾರ್ ಕೈಲೂ ಬಿಚ್ಚಕ್ಕಾಗಕಿಲ್ಲ. ತ್ವಾಟದ ನೆಪ್ಪಿಗೆ ಉಳ್ದಿರೋದು ಇದೊಂದೇಯ. ಯಾರಾನಾ ಕತ್ರಿ ಆಕೀರ, ಜ್ವಾಕೆ!"

ಅನಂತರಾಜು ವೇದಿಕೆಯ ನಡುವೆ ನಿಂತರು. ಬಂದವರಿಗೆಲ್ಲ ಕೈ ಮುಗಿದು ಮುಗಿದು ನಾಗಲಕ್ಷ್ಮಿಯೂ ಅಲ್ಲೇ ಒಂದು ಬದಿಗೆ ನಿಂತಿದ್ದರು. ಸಾಥಿಗೆ ಬಂದ ಮುಬಶ್ಶಿರ್ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ಮೊದಲ ಸ್ವರ ಹೊರಟಿತು ನೋಡಿ! ಗುಸುಗುಸು ನಿಂತಿತು. ಅಡುಗೆಭಟ್ಟರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಒಂದು ಬೆರಳು ತಪ್ಪಲಿಲ್ಲ, ಒಂದು ತಾಳ ಜಾರಲಿಲ್ಲ. ಸುಳ್ಳೇಕೆ ಹೇಳಲಿ, ಮೈ ಜುಮ್ಮೆಂದಿತು! ಹಾಡಿನ ನಡುವೆ ಅನಂತರಾಜು ಗೆದ್ದವರಂತೆ ಹೆಂಡತಿಯ ಕಡೆ ತಿರುಗಿದರು.

ನಾಗಲಕ್ಷ್ಮಿಯ ಕಣ್ಣಿನಲ್ಲಿ ಅದೇ ನೋಟ! ಇಪ್ಪತ್ತೈದು ವರ್ಷಗಳ ಹಿಂದಿನ ಅದೇ ದ್ವಾದಶಿ ನೋಟ! ಆದರೆ ಅದು ಹೋಗುತ್ತಿದ್ದದ್ದು ಮುಬಶ್ಶಿರ್ ಕಡೆಗೆ.

ಅನಂತರಾಜು ಕಣ್ಣನ್ನು ಮತ್ತೆ ತಂತಿಯ ಕಡೆ ತಿರುಗಿಸಿದರು. ಹೇಗೋ ಹಾಡು ಮುಗಿಸಿದರು. ಚಪ್ಪಾಳೆ ಸುರಿಯಿತು, ಜನ ಊಟಕ್ಕೆ ನುಗ್ಗಿದರು. ಸೋತು ಕುಸಿದು ಕೂರೋಣವೆಂದರೆ, ಸೊಂಟ ಬಗ್ಗಿಸಿದೊಡನೆ ಗಿಟಾರು ಮೇಲೆದ್ದು ಗದ್ದಕ್ಕೆ ಗುದ್ದಿತು! ಬೆವರಿಗೆ ನೆನೆದ ಗಂಟು ಕಲ್ಲಾಗಿತ್ತು. ಮುಬಶ್ಶಿರ್ ಉಗುರು ಮುರಿದುಕೊಂಡ. "ದೊಡ್ಡಪ್ಪನ್ನ ಕರೀರೋ!" ಎಂದರೆ, ದೊಡ್ಡಪ್ಪ ಆಗಲೇ ಮೊದಲ ಪಂಕ್ತಿಯಲ್ಲಿ ಎಲೆಯ ಮುಂದೆ! ಎಲ್ಲರ ಊಟ ಮುಗಿಯದೆ ಹಿರಿಯರು ಪಂಕ್ತಿಯಿಂದ ಏಳುವುದುಂಟೆ?

ನೋವಿನ ಮೇಲೆ ನೋವು ಸೇರಿ ಅನಂತರಾಜು ಬಾಯಿ ಬಿಟ್ಟೇಬಿಟ್ಟರು.

"ಅಲ್ಲ ಕಣೇ, ಅವತ್ತು ಆರ್ಕೆಸ್ಟ್ರಾದಲ್ಲಿ ಆ ಗಿಟಾರ್‌ನವನನ್ನೇ ನೋಡ್ತಿದ್ದೆ. ಇವತ್ತು ನಮ್ಮ ಮೇಷ್ಟ್ರನ್ನ. ನಿಂತ್ಕೊಂಡು ಬಾರ್ಸೋದು ಕಲಿತ್ನಲ್ಲೇ, ನನ್ನಲ್ಲೇನೇ ಕಮ್ಮಿ?"

ನಾಗಲಕ್ಷ್ಮಿ ಗಲ್ಲದ ಮೇಲೆ ಕೈಯಿಟ್ಟರು. "ಅಯ್ಯೋ ದೇವರೇ! ಯಾವ ಗಿಟಾರ್‌ನವನ್ರೀ? ಅವನ ಮುಖ ಯಾರಿಗೆ ನೆನಪಿದೆ? ಸಾಯಂಕಾಲದಿಂದ ನಿಂತೂ ನಿಂತೂ ನನ್ನ ಕಾಲು ಬಿದ್ದೋಗಿತ್ತು. ಇಡೀ ಸ್ಟೇಜಲ್ಲಿ ಹಾಯಾಗಿ ಕೂತಿದ್ದೋನು ಅವನೊಬ್ಬನೇ. ನಾನ್ ನೋಡ್ತಿದ್ದದ್ದು ಕುರ್ಚೀನ! ಇವತ್ತೂ ಅಷ್ಟೇ!"

"ಅವನು... ಕೂತಿದ್ನಾ?"

"ಕಾಲ್ ಮೇಲೆ ಕಾಲ್ ಹಾಕ್ಕೊಂಡು!"

ಮುಬಶ್ಶಿರ್ ತಟಕ್ಕನೆ ಹೋಗಿ ತನ್ನ ಕುರ್ಚಿಯನ್ನು ತಂದಿಟ್ಟ. ನಾಗಲಕ್ಷ್ಮಿ "ಉಸ್ಸಪ್ಪಾ!" ಎಂದು ಕೂತು, ಚಪ್ಪಲಿ ಬಿಟ್ಟು ಕಾಲು ನೀಡಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ಗಂಡನನ್ನು ನೋಡಿದರು. ಅದೇ ನೋಟ! ಈ ಸಲ ಪೂರ್ತಿ ಅನಂತರಾಜು ಅವರಿಗೇ!

"ಸತ್ಯವಾಗ್ಲೂ ತುಂಬಾ ಚೆನ್ನಾಗ್ ಬಾರಿಸ್ತೀರಿ ಕಣ್ರೀ" ಎಂದರು.

ಅನಂತರಾಜು ಕರಗಿಹೋದರು. ಕಣ್ಣು ಒದ್ದೆಯಾಯಿತು. "ಹಾಗಾದ್ರೆ ನಾನೂ ನಿನ್ನ ಪಕ್ಕ ಸ್ವಲ್ಪ..." ಎಂದು ಮರೆತು ಬಗ್ಗಿದರು. ಗಿಟಾರು ಮತ್ತೆ ಗದ್ದಕ್ಕೆ ಗುದ್ದಿತು.

"ನೀವು ಯಾಕ್ರೀ ಕೂರ್ತೀರಿ?" ನಾಗಲಕ್ಷ್ಮಿ ಕುರ್ಚಿಗೆ ಇನ್ನಷ್ಟು ಒರಗಿಕೊಂಡರು. "ಕೂತ್ಕೊಂಡು ಯಾರ್ ಬೇಕಾದ್ರೂ ಬಾರಿಸ್ತಾರೆ. ದೊಡ್ಡಪ್ಪ ಪಾಯಸ ಮುಗ್ಸೋವರ್ಗೂ ಬಾರಿಸ್ತಿರಿ!"